ಹಣ ಬಳಕೆ ಪ್ರಮಾಣಪತ್ರ

ಆದೇಶದಲ್ಲಿ ಹೆಸರು ತಪ್ಪಾಗಿತ್ತು.
ಗಂಗರತ್ನ ಅನ್ನುವಲ್ಲಿ ರಂಗರತ್ನ.
ತಿದ್ದುಪಡಿಗೆ ಅರ್ಜಿ ಹಾಕಿದರೆ ತಡವಾಗುತ್ತೆ ಅಂದರು,
ಇರಲಿ ಬಿಡಿ ಅಂದೆ.
ಹೀಗೆ ಆ ವರ್ಷವೆಲ್ಲ ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ
ಕುರ್ಚಿಯಲ್ಲಿ ಕೂತು ಬರೆದವಳು ರಂಗರತ್ನ.
ಶಿಡ್ಲಘಟ್ಟದಿಂದ ಏಳೂವರೆಯ ಬಸ್ಸಿನಲ್ಲಿ ನಿಂತು ಬಂದವಳು ನಾನು.

ಕೊಟ್ಟದ್ದು ಸಸ್ಯಶಾಸ್ತ್ರದವರ ಹಳೇ ದಾಸ್ತಾನು ಕೋಣೆ.
ಬಾಗಿಲಿಗೆ ಹೊಸ ಬೋರ್ಡು: ಸೃಜನಶೀಲ ಬರವಣಿಗೆ ಫೆಲೋ.
ಒಳಗೆ ಫಾರ್ಮಲಿನ್ ವಾಸನೆ, ಒಂದು ಕಾಲು ಗಿಡ್ಡಾದ ಮೇಜು,
ಕಪಾಟಿನ ಮೇಲೆ, ಯಾಕೋ ಅಲ್ಲಿಗೆ ಬಂದು ಉಳಿದುಬಿಟ್ಟ
ಗಾಜಿನ ಜಾಡಿ: ರೇಷ್ಮೆಹುಳುವಿನ ಜೀವನಚಕ್ರ.
ಮೊಟ್ಟೆ, ಹುಳು, ಗೂಡು, ಚಿಟ್ಟೆ.
ನಾಲ್ಕನೆಯದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.
ನಮ್ಮ ಬಿಸಿನೀರಿನಲ್ಲಿ ಚಕ್ರ ಮೂರಕ್ಕೇ ನಿಲ್ಲುತ್ತದೆ.

ಮೊದಲ ದಿನ ಹಾಜರಾತಿ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿದೆ.
ಮತ್ತೆ ಪ್ರಯತ್ನಿಸಿ, ಅಂತು.
ತೋರುಬೆರಳು. ಮತ್ತೆ ಪ್ರಯತ್ನಿಸಿ.
ಸೆರಗಿಗೆ ಒರೆಸಿ, ಬಾಯಿಂದ ಊದಿ, ಎಡಗೈಯ ಐದೂ ಮುಗಿದವು.
ಹದಿಮೂರು ವರ್ಷ ಕುದಿನೀರಲ್ಲಿ ಎಳೆ ಹುಡುಕಿದ ಬೆರಳಿಗೆ
ಗೆರೆ ಎಲ್ಲಿಂದ ತರಲಿ?
ಹಿಂದೆ ಸಾಲು ನಿಂತ ಉಪನ್ಯಾಸಕರು ಗಡಿಯಾರ ನೋಡಿಕೊಂಡರು.
ಗುಮಾಸ್ತ ಇನಾಯತ್ ಸಾಹೇಬರು ಎದ್ದು ಬಂದು
ನನ್ನ ಕೈ ನೋಡಿದರು, ಮುಖ ನೋಡಲಿಲ್ಲ.
ಬೀರುವಿನಿಂದ ಹಳೇ ರಿಜಿಸ್ಟರು ತೆಗೆದು
ಸ್ಕೇಲಿಟ್ಟು ಗೆರೆ ಎಳೆದುಕೊಟ್ಟರು, ನನ್ನೊಬ್ಬಳಿಗೆ.

ವಿಭಾಗದ ಮುಖ್ಯಸ್ಥರಿಗೆ ಭಾರೀ ಹಿಗ್ಗು.
ನಿಮ್ಮ ಕಸುಬಿನಲ್ಲೇ ಎಂಥ ರೂಪಕ ಇದೆ ನೋಡಿ,
ಗೂಡಿನಿಂದ ಎಳೆ, ಎಳೆಯಿಂದ ಕವಿತೆ!
ಎಳೆಗೆ ಕೂಲಿ ಇದೆ ಸಾರ್, ಅಂದೆ,
ರೂಪಕದ್ದು ಮೂರು ತಿಂಗಳಾದರೂ ಬಂದಿಲ್ಲ.
ನಕ್ಕರು. ಒಳ್ಳೆಯವರು. ಟೀ ತರಿಸಿದರು.

ಆ ಕೋಣೆಯಲ್ಲಿ ಬರೆಯಲಾಗಲಿಲ್ಲ ಅನ್ನುವುದನ್ನು
ಯಾವ ಕಾಲಂನಲ್ಲಿ ತುಂಬಲಿ?
ಅಷ್ಟು ಸದ್ದಿಲ್ಲದ ಜಾಗದಲ್ಲಿ ನಾನು ಕೂತವಳಲ್ಲ.
ರಾಟೆಯ ಗಡಗಡ ನಿಂತಿತೆಂದರೆ ನಮ್ಮಲ್ಲಿ
ಕರೆಂಟು ಹೋಗಿರಬೇಕು, ಇಲ್ಲ ಯಾರದೋ ಕೈ ಸಿಕ್ಕಿರಬೇಕು.
ಹಾಳೆ ಮುಂದಿಟ್ಟುಕೊಂಡು ಕಾಯುತ್ತಿದ್ದೆ,
ಯಾರು ಕೂಗುತ್ತಾರೋ ಅಂತ.

ಕೂಗಿದವನು ಎರಡನೇ ಬಿ.ಎ. ಚೌಡರೆಡ್ಡಿ.
ಸೃಜನಶೀಲ ಅಂತ ಬೋರ್ಡಿದೆಯಲ್ಲ ಮೇಡಂ,
ನಾಲ್ಕು ದಿನದ ಗೈರುಹಾಜರಿಗೆ ಒಂದು ಕಾರಣ ಬರ್ಕೊಡಿ.
ಅಜ್ಜಿಯನ್ನು ಆಗಲೇ ಎರಡು ಸಲ ಸಾಯಿಸಿದ್ದ.
ನಿಜ ಏನು, ಅಂದೆ.
ರಾತ್ರಿಯೆಲ್ಲ ಮಾರ್ಕೆಟ್ಟಲ್ಲಿ ಹೂವಿನ ಮೂಟೆ ಇಳಿಸ್ತೀನಿ,
ಮೈಯೆಲ್ಲ ಸೇವಂತಿಗೆ,
ಕ್ಲಾಸಲ್ಲಿ ಕೂತರೆ ಪಕ್ಕದವರು ಸೀನ್ತಾರೆ, ನಾನು ಮಲಗ್ತೀನಿ.
ಅದನ್ನೇ ಬರೆದೆವು.
ಪ್ರಾಂಶುಪಾಲರು ಕಟ್ಟುಕಥೆ ಅಂತ ವಾಪಸು ಕಳಿಸಿದರು.
ಆ ವರ್ಷ ನಾನು ಬರೆದದ್ದರಲ್ಲಿ ಅದೇ ವಾಸಿ.

ಇನ್ನು ಹಣ.
ಏಳು ತಿಂಗಳದ್ದು ಒಟ್ಟಿಗೆ ಬಂತು, ರಂಗರತ್ನಳ ಹೆಸರಿಗೆ.
ಅಂಥವಳು ಇಲ್ಲ ಅಂತು ಬ್ಯಾಂಕು.
ಇನಾಯತ್ ಸಾಹೇಬರು ಬಿಸಿಲಲ್ಲಿ ಎರಡು ಸಲ ಓಡಾಡಿ
ಅವಳನ್ನು ನನ್ನೊಳಗೆ ಸೇರಿಸಿದರು.
ಅಮ್ಮನ ಕಣ್ಣಿನ ಪೊರೆಗೆ ಇಷ್ಟು. ಬಾಕಿ ಚೀಟಿಗೆ ಇಷ್ಟು.
ಒಂದು ಜೊತೆ ಚಪ್ಪಲಿ.
ಬಸ್ಸಿಗೆ ಸೊನ್ನೆ; ಹೆಂಗಸರ ಟಿಕೆಟ್ಟಿನ ಮೇಲೆ ಅಷ್ಟೇ ಇರುವುದು.
ಆ ಸೊನ್ನೆಗಳ ಬೆನ್ನ ಮೇಲೆ, ಕಂಬಿಗೆ ಒರಗಿ ನಿಂತು,
ಒಂದು ದಿನ ಮೂರು ಸಾಲು, ಒಂದು ದಿನ ಒಂದೇ ಪದ.
ಅಮ್ಮ ಬೆಳಿಗ್ಗೆ ತೆಲುಗಿನಲ್ಲಿ ಬೈದದ್ದು
ಕನ್ನಡಕ್ಕೆ ಇಳಿಯುವಷ್ಟರಲ್ಲಿ ನಾನು ಇಳಿಯುವ ಸ್ಟಾಪು ಬರುತ್ತಿತ್ತು.

ಲಗತ್ತು: ನೂರ ಎಂಬತ್ತೊಂದು ಟಿಕೆಟ್ಟು.
ಓದಲು ಬರುವವು ನಲವತ್ತು.
ಉಳಿದವು ಬೇಸಿಗೆಯ ಬೆವರಿಗೆ ಹೋದವು.

ಇನಾಯತ್ ಸಾಹೇಬರು ಎಣಿಸಿ, ಸೂಜಿ ಹಾಕಿ ಹೊಲಿದರು.
ದಾರವನ್ನು ಹಲ್ಲಲ್ಲಿ ಕಡಿಯುತ್ತ ಅಂದರು:
ನಮ್ಮ ಅಮ್ಮಿಯದೂ ಹಿಂಗೇ,
ರೇಷನ್ ಕಾರ್ಡಿಗೆ ಒತ್ತಿಸಿದರೆ ಬರೀ ಶಾಯಿ ಬರ್ತಿತ್ತು.
ಆಮೇಲೆ ಕನ್ನಡಕ ಸರಿಮಾಡಿಕೊಂಡು,
ಫಲಿತಾಂಶ ಅಂತ ಒಂದು ಕಾಲಂ ಇದೆಯಮ್ಮ, ಏನು ಬರೀಲಿ?

ಐದು ಹತ್ತರ ಬಸ್ಸಿಗೆ ಹೊತ್ತಾಗಿತ್ತು.
ಆ ಜಾಡಿ ಒಯ್ಯಲೇ, ಅಂತ ಕೇಳಿದೆ.
ದಾಸ್ತಾನು ಪುಸ್ತಕ ತಿರುವಿ ತಿರುವಿ ನೋಡಿ,
ಅದರ ಹೆಸರೇ ಇಲ್ಲ ಇದರಲ್ಲಿ, ತಗೊಂಡು ಹೋಗಿ, ಅಂದರು.

ಅವತ್ತು ಸೀಟು ಸಿಕ್ಕಿತು.
ಮಡಿಲಲ್ಲಿಟ್ಟುಕೊಂಡು ಕೂತೆ.